ಕಾಣದ ಕಣ

ಸೆಪ್ಟೆಂಬರ್ 24, ಮಂಗಳವಾರ

'ರಕ್ತಕ್ಕೆ ಮನೆಯ ದಾರಿ ಗೊತ್ತು.' ಬೆಳಿಗ್ಗೆ ಬಸ್ಸಿನಲ್ಲಿ ಈ ಸಾಲು ತಲೆಯೊಳಗೆ ಬಂದು ಕೂತಿತು. ಯಾರದ್ದು, ಎಲ್ಲಿ ಓದಿದ್ದು, ನೆನಪಿಲ್ಲ. 'ದಾರಿ ಗೊತ್ತು' ಅಂತಿತ್ತೋ 'ದಾರಿ ಮರೆಯದು' ಅಂತಿತ್ತೋ, ಅದೂ ಖಾತ್ರಿಯಿಲ್ಲ. ಮುಂದಿನ ಸಾಲಿನಲ್ಲಿ ಒಂದು ದೋಣಿಯೋ ದೀಪವೋ ಇತ್ತು. ಓದಿದ ಕಾಲಕ್ಕೆ ಕಣ್ಣು ಮುಚ್ಚಿ ತಲೆದೂಗಿದ್ದೆ ಎಂಬುದು ಮಾತ್ರ ಖಂಡಿತ. ಈವತ್ತು ಯಾಕೋ ಅನುಮಾನ ಬಂತು. ರಕ್ತಕ್ಕೆ ಏನು ಗೊತ್ತು? ಹೃದಯ ತಳ್ಳುತ್ತದೆ, ಅದು ಹೋಗುತ್ತದೆ. ಹಿಂದಕ್ಕೆ ಬರದಂತೆ ಕವಾಟ ಮುಚ್ಚಿಕೊಳ್ಳುತ್ತದೆ. ದಾರಿ ಗೊತ್ತಿರುವುದು ಬೇರೆ, ಇರುವ ದಾರಿ ಒಂದೇ ಆಗಿರುವುದು ಬೇರೆ. ಆದರೂ ಆ ಸಾಲನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಯೂನಿವರ್ಸಿಟಿಯಲ್ಲಿ ಮೊದಲ ದಿನ. ತರಗತಿಯ ಬಾಗಿಲಲ್ಲಿ ಹುಡುಗನೊಬ್ಬ ಬದಿಗೆ ಸರಿದು, ಪಾಠದ ಟಿಪ್ಪಣಿಯನ್ನು ಮೊದಲೇ ಕಳಿಸುತ್ತೀರೋ ಆಮೇಲೋ ಎಂದು ವಿನಯದಿಂದ ಕೇಳಿದ. ನಾನೂ ನಿಮ್ಮ ಜೊತೆಗೇ ಕೂರುವವಳು ಎಂದಾಗ ಅವನ ಮುಖ ಕೆಂಪಾಯಿತು. ನನ್ನದೂ ಆಗಿರಬೇಕು. ಅವನಿಗೆ ಹದಿನೆಂಟು, ನನಗೆ ನಲವತ್ತೆಂಟು.

ಸಂಜೆ ಪಕ್ಕದ ಮನೆಯ ಡೊರೀನ್ ಹಿತ್ತಿಲ ಗೋಡೆಯ ಆಚೆಯಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ನಲವತ್ತು ವರ್ಷ ಹೆಂಗಸರ ಕೂದಲು ಕತ್ತರಿಸಿದ ಕೈ ಆಕೆಯದು. ಕೂತವರ ಬಾಯಿಂದ ಮಾತು ಹೊರಡಿಸುವುದು ಚೆನ್ನಾಗಿ ಗೊತ್ತು. ಶಾಲೆಯಲ್ಲಿ ವಿಜ್ಞಾನ ಓದದವರು ಬಯೋಮೆಡಿಕಲ್ ಪದವಿಗೆ ನೇರ ಸೇರುವ ಹಾಗಿಲ್ಲ, ಮೊದಲು ಈ ಫೌಂಡೇಶನ್ ವರ್ಷ ಮುಗಿಸಬೇಕು, ಅದರಲ್ಲಿ ಪಾಸಾದರೆ ಮಾತ್ರ ಮೊದಲನೆಯ ವರ್ಷಕ್ಕೆ ಬಿಡುತ್ತಾರೆ ಎಂದು ವಿವರಿಸಿದೆ.

"ಅಂದ್ರೆ ಯೂನಿವರ್ಸಿಟಿಗೆ ಸೇರೋಕೆ ಮುಂಚೆ ಯೂನಿವರ್ಸಿಟೀಲೇ ಒಂದು ವರ್ಷ ಕೂತ್ಕೋಬೇಕಾ? ಮದ್ವೆಗೆ ಮುಂಚೆ ಒಂದು ವರ್ಷ ಅತ್ತೆ ಮನೇಲಿ ಪಾತ್ರೆ ತೊಳೆದಂಗಾಯ್ತು ಬಿಡು."

ಹೆಚ್ಚೂ ಕಡಿಮೆ ಹಾಗೆಯೇ. ಆದರೆ ನನಗೆ ಬೇಕಾದ್ದು ಮದುವೆಯೇ. ಸಂಜೆ ಕಾಲೇಜಿನಲ್ಲಿ ನಾನು ಕಲಿಸುತ್ತಿದ್ದ ಕಾವ್ಯದ ತರಗತಿ ಮುಚ್ಚಿದ ಮೇಲೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಬಂದ ಚೀಲ ಬಿಚ್ಚುವುದು, ರಕ್ತದ ಕೊಳವೆಗಳನ್ನು ನೋಂದಾಯಿಸಿ ಒಳಗೆ ಕಳಿಸುವುದು. ಒಂದು ದಿನ ಒಳಗಿನವರೊಬ್ಬರು ಕರೆದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಿಸಿದರು. ನಸುಗೆಂಪಿನ ಮೈದಾನದ ನಡುವೆ ಒಂದು ನೇರಳೆ ಹೂವು. ಬಿಳಿ ರಕ್ತಕಣ, ಅಷ್ಟೇ. ಅವತ್ತಿನಿಂದ ನಾನು ಲ್ಯಾಬಿನ ಒಳಬಾಗಿಲಿನ ಈಚೆ ಕೂತಿರಲಾರೆ. ಆಚೆ ಹೋಗಬೇಕಾದರೆ ಈ ಪದವಿ ಬೇಕು. ಪದವಿ ಬೇಕಾದರೆ ಈ ವರ್ಷ.

ಅಕ್ಟೋಬರ್ 17, ಗುರುವಾರ

ನನ್ನ ಲ್ಯಾಬ್ ಜೊತೆಗಾತಿ ತಹ್ಮೀನಾ. ಹತ್ತೊಂಬತ್ತು ವರ್ಷ, ತಲೆವಸ್ತ್ರದ ಬಣ್ಣಕ್ಕೆ ಸರಿಯಾಗಿ ಪೆನ್ನಿನ ಬಣ್ಣ. ಅವಳಪ್ಪ ಮಿಲ್‌ಫೀಲ್ಡ್ ಬಡಾವಣೆಯಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ರಸಾಯನಶಾಸ್ತ್ರದ ಅಂಕ ಕಡಿಮೆ ಬಂತೆಂದು ಇಲ್ಲಿಗೆ ಬಂದವಳು. ಅದನ್ನು ಮುಚ್ಚಿಡುವುದಿಲ್ಲ. "ನಾನು ಕೆಳಗೆ ಬಿದ್ದು ಬಂದೋಳು, ನೀವು ಮೇಲಿಂದ ಇಳಿದು ಬಂದೋರು. ಮಧ್ಯದಲ್ಲಿ ಸಿಕ್ಕಿದೀವಿ," ಎಂದಳು.

ಹೋದ ವಾರದ ಪ್ರಯೋಗದ ವರದಿ ವಾಪಸು ಬಂತು. ಆಮ್ಲಕ್ಕೆ ಹನಿ ಹನಿಯಾಗಿ ಕ್ಷಾರ ಬಿಡುತ್ತ ಬಣ್ಣ ತಿರುಗುವ ಗಳಿಗೆಯನ್ನು ಹಿಡಿಯುವುದು. 'ಕೊನೆಯ ಹನಿಗೆ ದ್ರಾವಣ ನಾಚಿದಂತೆ ಗುಲಾಬಿಯಾಯಿತು' ಎಂದು ಬರೆದಿದ್ದೆ. 'ನಾಚಿದಂತೆ' ಎಂಬುದರ ಮೇಲೆ ಒಂದು ಗೆರೆ. ಪಕ್ಕದಲ್ಲಿ ನಮ್ಮ ಅಧ್ಯಾಪಕಿ ಎಸ್ತರ್ ಮ್ಯಾಡಿಸನ್ ಅವರ ಪುಟ್ಟ ಅಕ್ಷರ: 'ದ್ರಾವಣಕ್ಕೆ ನಾಚಿಕೆ ಇರುವುದಿಲ್ಲ.' ತಹ್ಮೀನಾ ಅದನ್ನು ಓದಿ ಬೆಂಚಿಗೆ ತಲೆಯಿಟ್ಟು ನಕ್ಕಳು.

ಎಸ್ತರ್ ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ತುಟಿ ಬಿಗಿ, ಮಾತು ಬಿಗಿ. ಪ್ಯಾರಾಗ್ರಾಫ್ ಬರೆಯುವುದು ಹೇಗೆ ಎಂಬ ಅವರ ಪಾಠವನ್ನು ಕೈಕಟ್ಟಿಕೊಂಡು ಕೇಳಿದೆ. ಅದನ್ನು ನಾನು ಎಷ್ಟು ವರ್ಷ ಬೇರೆಯವರಿಗೆ ಹೇಳಿಕೊಟ್ಟಿಲ್ಲ! ಅವರ ಪಾಠದಲ್ಲಿ ಮಾತು ಒಂದು ಗಾಜಿನ ಲೋಟ. ಒಳಗಿನ ನೀರು ಕಂಡರೆ ಸಾಕು. ನನ್ನ ಲೋಟಕ್ಕೆ ಹೂಬಳ್ಳಿ ಕೆತ್ತನೆ ಇದ್ದರೆ ಇವರಿಗೇನು ನೋವು ಎಂದು ತಿಳಿಯುತ್ತಿಲ್ಲ.

ನವೆಂಬರ್ 9, ಶನಿವಾರ

ಆಸ್ಪತ್ರೆಯಲ್ಲಿ ವಾರಾಂತ್ಯದ ಪಾಳಿ ಮುಗಿಸಿ ಬರುವಾಗ ಸಮುದ್ರ ಹಳೆಯ ಬೆಳ್ಳಿಯ ತಟ್ಟೆಯ ಹಾಗೆ, ಯಾರೋ ಊಟ ಮುಗಿಸಿ ತೊಳೆಯದೇ ಬಿಟ್ಟ ಹಾಗೆ ಮಂಕಾಗಿ ಮಲಗಿತ್ತು. ಬಂದು ಕೋಟು ಬಿಚ್ಚುವಷ್ಟರಲ್ಲಿ ಡೊರೀನ್ ಫೋನು ಹಿಡಿದು ಬಂದಳು. ಈಗೆಲ್ಲ ರಕ್ತಪರೀಕ್ಷೆಯ ಫಲಿತಾಂಶ ಡಾಕ್ಟರಿಗಿಂತ ಮುಂಚೆ ರೋಗಿಯ ಫೋನಿಗೇ ಬಂದು ಬೀಳುತ್ತದೆ. ಆಕೆಯ ಹಿಮೋಗ್ಲೋಬಿನ್ ಪಕ್ಕದಲ್ಲಿ ಒಂದು ಕೆಂಪು ಗುರುತು.

"ನೀನೀಗ ರಕ್ತದ ಪಂಡಿತೆ. ಇದೇನು ಹೇಳು ಮರಿ."

ಎಪ್ಪತ್ತು ದಾಟಿದ ಹೆಂಗಸು, ಕಣ್ಣಲ್ಲಿ ಶಾಲೆಯ ಹುಡುಗಿಯ ಭಯ. ನೋಡಿದೆ. ಕಡಿಮೆಯೇ ಇತ್ತು. ಅಷ್ಟೇನೂ ಇಲ್ಲ ಎನಿಸಿತು. ಚಳಿಗಾಲಕ್ಕೆ ರಕ್ತವೂ ಸ್ವಲ್ಪ ಸೊರಗುತ್ತದೆ, ನಿಮ್ಮ ವಯಸ್ಸಿಗೆ ಇದು ಸಹಜ, ವಾರಕ್ಕೊಮ್ಮೆ ಲಿವರ್ ತಿನ್ನಿ, ಹಸಿರು ಸೊಪ್ಪು ತಿನ್ನಿ, ಮರಗಳು ಎಲೆ ಉದುರಿಸುವ ಹಾಗೆ ಇದೂ ಒಂದು ಋತು ಎಂದೆ. ಆಕೆಯ ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಹಂದಿಮಾಂಸ, ಅರೆದ ಬಟಾಣಿ ತುಂಬಿದ ದಪ್ಪ ಸ್ಟಾಟಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು. ಡಾಕ್ಟರ ಹತ್ತಿರ ಹೋದರೆ ಹೆದರಿಕೆ, ನಿನ್ನ ಹತ್ತಿರ ಬಂದರೆ ಸಮಾಧಾನ ಎಂದಳು.

ಇಷ್ಟು ದಿನದ ಓದಿಗೆ ಇದೇ ಮೊದಲ ಬಹುಮಾನ ಎಂದುಕೊಂಡು ತಿಂದೆ.

ಜನವರಿ 14, ಮಂಗಳವಾರ

ಮುಗಿಯಿತು. ಚೆನ್ನಾಗಿ ಮುಗಿಯಿತು!

ಸೂಕ್ಷ್ಮದರ್ಶಕದ ಪ್ರಾಯೋಗಿಕ ಪರೀಕ್ಷೆ. ಉಳಿದ ವಿಷಯಗಳಲ್ಲಿ ಅಂಕ ಅತ್ತಿತ್ತ ಆದರೂ ನಡೆಯುತ್ತದೆ. ಇದರಲ್ಲಿ ಪಾಸಾಗದೆ ಮೊದಲನೆಯ ವರ್ಷಕ್ಕೆ ಬಿಡುವುದೇ ಇಲ್ಲ. ಪ್ರತಿಯೊಬ್ಬರಿಗೂ ಒಂದು ಗಾಜಿನ ಸ್ಲೈಡ್, ಅದರ ಮೇಲೆ ತೆಳುವಾಗಿ ಸವರಿ ಬಣ್ಣ ಕಟ್ಟಿದ ಒಂದು ಹನಿ ರಕ್ತ. ನೋಡಿ, ಚಿತ್ರ ಬರೆದು, ಹೆಸರು ಗುರುತಿಸಬೇಕು.

ನನ್ನ ಪಾಲಿಗೆ ಬಂದ ನೋಟ ಬಡ ನೋಟ. ಕೆಂಪು ರಕ್ತಕಣಗಳು ಚೆಲ್ಲಿದ ನಾಣ್ಯಗಳಂತೆ; ಒಂದೇ ಒಂದು ಬಿಳಿ ಕಣ, ಅದೂ ಅಂಚಿಗೆ ಸಿಕ್ಕಿ ಅರ್ಧ ಕತ್ತರಿಸಿಹೋಗಿತ್ತು. ಇಷ್ಟನ್ನೇ ಬರೆದು ಕೊಟ್ಟರೆ ಇವಳಿಗೆ ಏನೂ ಗೊತ್ತಿಲ್ಲ ಎಂದುಕೊಳ್ಳುವುದಿಲ್ಲವೇ? ರಕ್ತದಲ್ಲಿ ಯಾವ ಯಾವ ಕಣಗಳಿರಬೇಕೋ ಅವೆಲ್ಲ ನನಗೆ ಬಾಯಿಪಾಠ. ಅಂಚಿನ ಕಣವನ್ನು ನಡುವಿಗೆ ತಂದು ಪೂರ್ತಿ ಮಾಡಿದೆ. ಕಿತ್ತಳೆ ಬಣ್ಣದ ಕಾಳು ತುಂಬಿದ ಕಣ ಇದೆಯಲ್ಲ, ಇಯೊಸಿನೊಫಿಲ್, ಅದನ್ನು ಮೂರು ಕಡೆ ಇಟ್ಟೆ. ಚಿತ್ರಕ್ಕೆ ಒಂದು ತೂಕ ಬಂತು. ಪೆನ್ಸಿಲನ್ನು ಓರೆ ಹಿಡಿದು ನೆರಳು ಕೊಟ್ಟೆ. ನನ್ನ ಕೈಯಲ್ಲಿ ಇಷ್ಟು ಚಿತ್ರ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಸಮಯ ಮುಗಿದಾಗ ಎಸ್ತರ್ ಬಂದು ನನ್ನ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ಸ್ಲೈಡನ್ನು ಅಲುಗಾಡಿಸಲಿಲ್ಲ. ಚಿತ್ರ ನೋಡಿದರು, ಮತ್ತೆ ಕಣ್ಣಿಟ್ಟರು. ಬೇರೆ ಯಾರ ಹತ್ತಿರವೂ ಅಷ್ಟು ಹೊತ್ತು ನಿಲ್ಲಲಿಲ್ಲ.

ಜನವರಿ 23, ಗುರುವಾರ

ಫೇಲು.

ಜನವರಿ 24, ಶುಕ್ರವಾರ

ನಿನ್ನೆ ಹೆಚ್ಚು ಬರೆಯಲಾಗಲಿಲ್ಲ.

ಎಸ್ತರ್ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ನನ್ನ ಚಿತ್ರ. ಬಹಳ ಚೆಂದ ಬಂದಿದೆ ಎಂದರು ಮೊದಲು. ನಾನು ದಡ್ಡಿ, ಥ್ಯಾಂಕ್ಸ್ ಎಂದೆ. ಆಮೇಲೆ ಮೂರು ಕಿತ್ತಳೆ ಕಣಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು.

"ಇವು ಎಲ್ಲಿದ್ದವು?"

ರಕ್ತದಲ್ಲಿ ಇರುತ್ತವಲ್ಲ ಎಂದೆ.

"ರಕ್ತದಲ್ಲಿ ಇರ್ತವೆ. ಆ ಸ್ಲೈಡಲ್ಲಿ, ನೀವು ಕಣ್ಣಿಟ್ಟ ಜಾಗದಲ್ಲಿ ಒಂದೂ ಇರ್ಲಿಲ್ಲ. ಒಂದೇ ಕಡೆ ಮೂರು ಕಂಡ್ರೆ ಅದು ಕಾಯಿಲೆಯ ಗುರುತು. ಗಿಲಿಯನ್, ಅದು ಆಸ್ಪತ್ರೇಲಿರೋ ಒಬ್ಬರ ರಕ್ತ ಆಗಿದ್ರೆ, ಇಲ್ಲದ ಕಾಯಿಲೇನ ನೀವು ಅವರ ಕೈಗೆ ಬರೆದು ಕೊಟ್ಟಂಗಾಯ್ತು. ಗೊತ್ತಿಲ್ಲದವರು ತಪ್ಪು ಮಾಡಿದ್ರೆ ಹೇಳಿಕೊಡಬಹುದು. ನೀವು ಗೊತ್ತಿರೋದ್ರಿಂದಲೇ ತಪ್ಪು ಮಾಡಿದೀರಿ."

ನೆರಳು ಕೊಡಬಾರದು, ಗೆರೆ ಒಂದೇ ಇರಬೇಕು, ಅಂಚಿನಲ್ಲಿ ಅರ್ಧ ಕಂಡದ್ದನ್ನು ಅರ್ಧವೇ ಬರೆಯಬೇಕು. ಇವೆಲ್ಲ ಕೈಪಿಡಿಯ ಮೊದಲ ಪುಟದಲ್ಲೇ ಇದ್ದವಂತೆ. ಇದ್ದವು; ಓದಿದ್ದೆ. ಮಕ್ಕಳಿಗೆ ಬರೆದದ್ದು ಎಂದುಕೊಂಡಿದ್ದೆ.

ಮೇ ತಿಂಗಳಲ್ಲಿ ಇನ್ನೊಮ್ಮೆ ಪರೀಕ್ಷೆ. ಅದೇ ಕೊನೆ. ಅದರಲ್ಲೂ ಹೋದರೆ ನಾನು ವಾಪಸು ಚೀಲ ಬಿಚ್ಚುವ ಬೆಂಚಿಗೆ, ಬಾಗಿಲಿನ ಈಚೆಗೆ, ಇನ್ನು ಇರುವಷ್ಟು ಕಾಲ.

ಬಸ್ಸಿಗೆ ಕಾಯುವಾಗ ತಹ್ಮೀನಾ ಪಕ್ಕದಲ್ಲಿ ಬಂದು ಕೂತು, ಏನಾಯಿತೆಂದು ಕೇಳಿ, ಎಲ್ಲವನ್ನೂ ಕೇಳಿಸಿಕೊಂಡಳು.

"ಅಂದ್ರೆ ಬಡಪಾಯಿ ಒಬ್ಬನೇ ಮನೇಲಿದ್ದ, ನೀವು ಊರವರನ್ನೆಲ್ಲ ಊಟಕ್ಕೆ ಕರೆದುಬಿಟ್ರಿ."

ನಗು ಬರಲಿಲ್ಲ. ಅವಳೇ ತನ್ನ ಚಿಪ್ಸ್ ಪೊಟ್ಟಣವನ್ನು ನನ್ನ ಕಡೆ ಚಾಚಿದಳು.

ಫೆಬ್ರವರಿ 6, ಗುರುವಾರ

ಇನ್ನೂ ಸಿಟ್ಟು. ಸಂಜೆ ಕಾಲೇಜಿನಲ್ಲಿ ಹನ್ನೊಂದು ವರ್ಷ ಒಂದೇ ಮಾತು ಹೇಳಿದೆ: ಇಲ್ಲದ್ದನ್ನು ಇರುವಂತೆ ಕಾಣಿಸುವುದೇ ಕವಿಯ ಕೆಲಸ. ಜನ ಪೆನ್ನು ತೆಗೆದು ಬರೆದುಕೊಳ್ಳುತ್ತಿದ್ದರು. ಬೀಗ ಮಾಡುವವನೊಬ್ಬ ಬರುತ್ತಿದ್ದ, ಆ ಮಾತು ಕೇಳಿ ಕಣ್ಣೊರೆಸಿಕೊಂಡಿದ್ದ. ಈಗ ಅದೇ ಕೆಲಸಕ್ಕೆ ನನಗೆ ಸೊನ್ನೆ. ಒಂದು ಊರಿನಲ್ಲಿ ಗುಣ, ಇನ್ನೊಂದು ಊರಿನಲ್ಲಿ ಅಪರಾಧ. ನಲವತ್ತೆಂಟಕ್ಕೆ ಊರು ಬದಲಾಯಿಸಲು ಹೊರಟವಳು ನಾನೇ, ಯಾರೂ ಓಡಿಸಿದ್ದಲ್ಲ.

ಬಿಟ್ಟುಬಿಡಲೇ ಎಂದು ಎರಡು ಸಲ ಎಸ್ತರ್‌ಗೆ ಮೇಲ್ ಬರೆದು ಅಳಿಸಿದೆ. ಎರಡೂ ಚೆನ್ನಾಗಿದ್ದವು.

ಫೆಬ್ರವರಿ 18, ಮಂಗಳವಾರ

ಲ್ಯಾಬು ಮಧ್ಯಾಹ್ನ ಖಾಲಿ ಇದ್ದಾಗ ಅಭ್ಯಾಸಕ್ಕೆ ಬಿಡುತ್ತಾರೆ. ತಹ್ಮೀನಾ ಪರೀಕ್ಷೆಯಲ್ಲಿ ಪಾಸಾದವಳು, ಆದರೂ ಬಂದಳು. ಇಬ್ಬರೂ ಒಂದು ಆಟ ಮಾಡಿಕೊಂಡೆವು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನಾನು ಕಂಡದ್ದನ್ನು ಹೇಳಬೇಕು. ಪ್ರತಿ ಮಾತಿಗೂ ಅವಳು "ಇದ್ಯಾ? ತೋರ್ಸಿ" ಅನ್ನಬೇಕು. ತೋರಿಸಲಾಗದಿದ್ದರೆ ನಾನು ಸೋತೆ, ಅವಳಿಗೆ ಕಾಫಿ.

ಗುಲಾಬಿ ಬಣ್ಣದ ಮೈದಾನ ಎಂದೆ.

"ಮೈದಾನ ಇದ್ಯಾ? ತೋರ್ಸಿ."

ದುಂಡಗಿನ ಕೆಂಪು ಕಣಗಳು, ಒಂದಕ್ಕೊಂದು ತಾಗಿಕೊಂಡು.

"ಎಲ್ಲವೂ ತಾಗಿದಾವಾ?"

ಮತ್ತೆ ನೋಡಿದೆ. ಎಲ್ಲವೂ ತಾಗಿರಲಿಲ್ಲ. ಎಡಗಡೆಯವು ತಾಗಿದ್ದವು, ಬಲಗಡೆಯವು ಬಿಡಿಬಿಡಿ. ಎಲ್ಲವೂ ದುಂಡಗೂ ಇರಲಿಲ್ಲ. ಇಷ್ಟು ದಿನ ಒಂದು ಕಣ ನೋಡಿ ಉಳಿದದ್ದನ್ನೆಲ್ಲ ಅದೇ ಎಂದುಕೊಂಡುಬಿಡುತ್ತಿದ್ದೆ.

ಐದು ಕಾಫಿ ಸೋತೆ. ಅವಳು ಎರಡು ಕುಡಿದು, ಉಳಿದದ್ದು ಸಾಲವಿರಲಿ ಎಂದಳು.

ಮಾರ್ಚ್ 8, ಶನಿವಾರ

ಡೊರೀನ್ ಫೋನು ಹಿಡಿದು ಬಂದಳು. ಮತ್ತೊಂದು ರಕ್ತಪರೀಕ್ಷೆ. ಅದೇ ಕೆಂಪು ಗುರುತು. ಜೊತೆಗೆ 'ಕ್ಲಿನಿಕ್ಕಿಗೆ ಫೋನ್ ಮಾಡಿ' ಎಂದು ಒಂದು ಸಾಲು. ಆ ಸಾಲು ಬಂದು ನಾಲ್ಕು ದಿನವಾಗಿತ್ತು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ ಎಂಬುದನ್ನು ಹವೆಯ ಸುದ್ದಿ ಹೇಳುವಂತೆ ಹೇಳಿದಳು. ಈ ಸಲ ಲಿವರ್ ಜಾಸ್ತಿ ತಿನ್ನಬೇಕಾ ಎಂದು ಕೇಳಿದಳು.

ನವೆಂಬರಿನ ಪುಟವನ್ನೂ ತೆರೆಯಲು ಹೇಳಿ ಎರಡನ್ನೂ ನೋಡಿದೆ. ಆಗಿನದಕ್ಕಿಂತ ಈಗ ಕಡಿಮೆ.

"ಡೊರೀನ್, ಆಗಿನದಕ್ಕಿಂತ ಇಳಿದಿದೆ. ಯಾಕೆ ಅಂತ ನನಗೆ ಗೊತ್ತಿಲ್ಲ. ನವೆಂಬರಿನಲ್ಲಿ ಹೇಳಿದ್ನಲ್ಲ, ಅದೂ ಗೊತ್ತಿದ್ದು ಹೇಳಿದ್ದಲ್ಲ. ನಾಳೆ ಭಾನುವಾರ, ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಫೋನ್ ಮಾಡೋಣ. ಉಸಿರಿನ ವಿಷಯಾನೂ ಹೇಳ್ಬೇಕು. ಅಷ್ಟರಲ್ಲಿ ಜಾಸ್ತಿ ಆದ್ರೆ ಆಗಲೇ ನನ್ನ ಗೋಡೆ ಬಡೀರಿ, ಆಸ್ಪತ್ರೆಗೆ ಹೋಗೋಣ."

ಆಕೆ ಫೋನನ್ನು ಕೈಚೀಲಕ್ಕೆ ಹಾಕಿಕೊಂಡಳು.

"ನಾನು ಒಂದು ಒಳ್ಳೆ ಮಾತು ಕೇಳೋಣ ಅಂತ ಬಂದೆ. ಇದನ್ನ ಹೇಳೋಕೆ ಆ ಫೋನೇ ಸಾಕಾಗಿತ್ತು. ಓದು ಜಾಸ್ತಿ ಆದಂಗೆ ಜನ ತಣ್ಣಗಾಗ್ತಾರೆ ಅಂತ ನಮ್ಮಮ್ಮ ಹೇಳ್ತಿದ್ಲು."

ಬಾಗಿಲು ಜೋರಾಗಿಯೇ ಎಳೆದುಕೊಂಡು ಹೋದಳು. ಚಹಾ ಆರಿಹೋಗಿತ್ತು, ಹಾಗೇ ಕುಡಿದೆ.

ಮಾರ್ಚ್ 10, ಸೋಮವಾರ

ಕ್ಲಿನಿಕ್ಕು ತೆರೆಯುವ ಹೊತ್ತಿಗೆ ಆಕೆಯ ಬಾಗಿಲು ತಟ್ಟಿದೆ. ತೆರೆದು ಒಳಗೆ ನಡೆದಳು. ನಾನು ಪಕ್ಕದಲ್ಲಿ ನಿಂತೆ, ಆಕೆಯೇ ಫೋನ್ ಮಾಡಿದಳು. ಬಹಳ ಹೊತ್ತು ಸಂಗೀತ. ಬುಧವಾರ ಬರಲು ಹೇಳಿದರು. ಉಸಿರಿನ ವಿಷಯ ಹೇಳಲು ಹಿಂಜರಿದಳು. ಕೈಸನ್ನೆ ಮಾಡಿದೆ, ಹೇಳಿದಳು. ಆಗ ಬುಧವಾರ ಹೋಗಿ ಈವತ್ತೇ ಮಧ್ಯಾಹ್ನ ಆಯಿತು.

ಫೋನಿಟ್ಟು ನನಗೆ ಬಾಗಿಲು ತೋರಿಸಿದಳು.

ಮಾರ್ಚ್ 30, ಭಾನುವಾರ

ತಾಯಂದಿರ ದಿನ. ಡೊರೀನಳ ಮಗ ಬ್ರಯಾನ್ ಹೂಗುಚ್ಛ ತಂದಿದ್ದ. ಹಳದಿ ಡ್ಯಾಫೊಡಿಲ್, ನಡುವೆ ಎರಡು ಬಾಡಿದ್ದವು. ಅವನ ಕಾರು ಹತ್ತುವಾಗ ಡೊರೀನ್ ನನ್ನ ಕಿಟಕಿಯ ಕಡೆ ನೋಡಲಿಲ್ಲ. ಬಲಗೈಯಿಂದ ಕಾರಿನ ಬಾಗಿಲು ಹಿಡಿದು ಒಂದು ಸಲ ನಿಂತು, ಆಮೇಲೆ ಒಳಗೆ ಕೂತಳು. ತೆಳ್ಳಗಾಗಿದ್ದಾಳೆ.

ದೊಡ್ಡ ಆಸ್ಪತ್ರೆಗೆ ಕಳಿಸಿದ್ದಾರೆ, ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡುತ್ತಾರೆ ಎಂದು ಬ್ರಯಾನ್ ಹೇಳಿದ. ಏನೂ ಇರುವುದಿಲ್ಲ, ಅಮ್ಮನದು ಗಟ್ಟಿ ಜೀವ ಎಂದೂ ಹೇಳಿದ. ನಾನು ಏನನ್ನೂ ಸೇರಿಸಲಿಲ್ಲ.

ಏಪ್ರಿಲ್ 24, ಗುರುವಾರ

ರೋಕರ್ ದಂಡೆಯಲ್ಲಿ ನಡೆದೆ. ಸಮುದ್ರದಿಂದ ಮಂಜು ಬಂದಿತ್ತು. ದೀಪಸ್ತಂಭ ಕಾಣಲಿಲ್ಲ. ದಂಡೆಯ ದೀಪದ ಕಂಬಗಳಲ್ಲಿ ಮೊದಲ ಐದು ಕಂಡವು, ಆರನೆಯದು ಅರ್ಧ. ನೀರಿನ ಸದ್ದು ಎಡಗಡೆಯಿಂದ.

ಕವಿತೆಯ ಪುಸ್ತಕ ಚೀಲದಲ್ಲಿತ್ತು. ಬೆಂಚಿನ ಮೇಲೆ ಕೂತು ಒಂದನ್ನೇ ಓದಿದೆ. ಅದರಲ್ಲಿ ಒಂದು ಮೇಜು, ಒಂದು ಚಾಕು, ಅರ್ಧ ಕತ್ತರಿಸಿದ ಬ್ರೆಡ್ಡು. ಹಿಂದೆ ಇದನ್ನು ಪಾಠ ಮಾಡುವಾಗ ಬ್ರೆಡ್ಡು ಎಂದರೆ ಅಗಲಿಕೆ ಎಂದು ಹೇಳುತ್ತಿದ್ದೆ. ಬರೆದವನು ಬ್ರೆಡ್ಡನ್ನು ಎಷ್ಟು ಸರಿಯಾಗಿ ನೋಡಿದ್ದಾನೆ ಎಂಬುದು ಆಗ ಕಂಡಿರಲಿಲ್ಲ. ಚಾಕುವಿನ ಮೇಲೆ ಅಂಟಿದ ಪುಡಿಯನ್ನೂ ಬಿಟ್ಟಿಲ್ಲ. ಇನ್ನೊಮ್ಮೆ ಓದಿದೆ. ಚಳಿಯಾಯಿತು, ಎದ್ದು ಬಂದೆ.

ಮೇ 6, ಮಂಗಳವಾರ

ಅಭ್ಯಾಸಕ್ಕೆ ಎಂಟು ಸ್ಲೈಡ್. ತಹ್ಮೀನಾ ಬರಲಿಲ್ಲ, ಅವಳಿಗೆ ರಸಾಯನಶಾಸ್ತ್ರದ ಪರೀಕ್ಷೆ. "ಇದ್ಯಾ? ತೋರ್ಸಿ" ಎಂದು ನಾನೇ ಅಂದುಕೊಂಡೆ. ಒಂದು ಸಲ ಜೋರಾಗಿ ಅಂದುಬಿಟ್ಟಿರಬೇಕು. ನೆಲ ಒರೆಸುತ್ತಿದ್ದವರು ತಿರುಗಿ ನೋಡಿದರು.

ಮೇ 20, ಮಂಗಳವಾರ

ಪರೀಕ್ಷೆ.

ಸ್ಲೈಡ್ ತೆಳು. ಕೆಂಪು ಕಣಗಳು, ಬಿಡಿಬಿಡಿಯಾಗಿ, ಪ್ರತಿಯೊಂದರ ನಡುಭಾಗ ಮಸುಕು. ಕೆಲವು ಚಿಕ್ಕವು. ಬಿಳಿ ಕಣ ಒಂದೂ ಇಲ್ಲ. ಮೇಲಿನ ಬಲ ಮೂಲೆಯಲ್ಲಿ ಕಪ್ಪು ನೇರಳೆ ಬಣ್ಣದ ಒಂದು ಚುಕ್ಕೆ, ಅಂಚು ಒರಟು. ಅದೇನೆಂದು ಗೊತ್ತಾಗಲಿಲ್ಲ. ಫೋಕಸ್ ಮೇಲೆ ಕೆಳಗೆ ಮಾಡಿ ನೋಡಿದೆ. ಆಗಲೂ ಗೊತ್ತಾಗಲಿಲ್ಲ.

ಪಕ್ಕದವರ ಪೆನ್ಸಿಲುಗಳು ನಿಲ್ಲದೆ ಓಡುತ್ತಿದ್ದವು. ನನ್ನ ಹಾಳೆಯ ವೃತ್ತ ಮುಕ್ಕಾಲು ಖಾಲಿ. ಒಂದು ಬಿಳಿ ಕಣವಾದರೂ ಇದ್ದಿದ್ದರೆ ಎನಿಸಿತು. ನನ್ನ ಪೆನ್ಸಿಲು ಖಾಲಿ ಜಾಗದ ಮೇಲೆ ಒಂದು ಸಲ ಹೋಗಿ ನಿಂತದ್ದೂ ನಿಜ. ಗೆರೆ ಎಳೆಯಲಿಲ್ಲ. ಮೂಲೆಯ ಚುಕ್ಕೆಯನ್ನು ಇದ್ದಷ್ಟೇ ದೊಡ್ಡದಾಗಿ ಬರೆದು, ಬಾಣ ಹಾಕಿ, 'ಗುರುತಿಸಲಾಗಲಿಲ್ಲ' ಎಂದು ಬರೆದೆ. ಉಳಿದ ಸಮಯದಲ್ಲಿ ಏನೂ ಮಾಡದೆ ಕೂತೆ.

ಎಸ್ತರ್ ಬಂದು ಕಣ್ಣಿಟ್ಟರು. ಹೊರಟುಹೋದರು. ತೀರಾ ಬೇಗ.

ಜೂನ್ 12, ಗುರುವಾರ

ದಾಟಿದೆ. ಅರವತ್ತೆರಡು. ಸೆಪ್ಟೆಂಬರಿನಿಂದ ಮೊದಲನೆಯ ವರ್ಷ.

ಎಸ್ತರ್ ಮೆಟ್ಟಿಲಲ್ಲಿ ಸಿಕ್ಕರು. ಮೂಲೆಯ ಚುಕ್ಕೆ ಕಣವಲ್ಲ, ಬಣ್ಣ ಒಣಗಿ ಕಟ್ಟಿದ ಗಂಟು ಎಂದರು. ಆಮೇಲೆ, ಅದನ್ನು ಗುರುತಿಸಿದ್ದರೆ ಇನ್ನೂ ಸ್ವಲ್ಪ ಅಂಕ ಬರುತ್ತಿತ್ತು ಎಂದರು. ಮುಂದಿನ ಸಲ ಗೊತ್ತಾಗುತ್ತದೆ ಎಂದೆ. ಹೌದು, ಆಗುತ್ತದೆ ಎಂದರು ಅವರು. ಮುಖದಲ್ಲಿ ನಗುವಿನಂಥದ್ದು ಏನೋ ಇತ್ತು. ನಗುವೇ ಎಂದು ಹೇಳಲಾರೆ.

ತಹ್ಮೀನಾಳೂ ದಾಟಿದ್ದಾಳೆ. ಅವಳಪ್ಪ ಟ್ಯಾಕ್ಸಿಯಲ್ಲಿ ನಮ್ಮಿಬ್ಬರನ್ನೂ ಮನೆಗೆ ಬಿಟ್ಟರು. ಬಾಕಿ ಕಾಫಿಗಳ ಲೆಕ್ಕವನ್ನು ಅವಳು ದಾರಿಯುದ್ದಕ್ಕೂ ಅಪ್ಪನಿಗೆ ಹೇಳಿದಳು. "ಇವರ ಹತ್ರಾನೂ ಲೆಕ್ಕ ಇಡೋಷ್ಟು ಜಿಪುಣಿ ಆಗಿದೀಯ ನೋಡು," ಎಂದು ಅವರು ಮಗಳನ್ನೇ ಬೈದರು.

ಬಂದು ಬಟ್ಟೆ ಬದಲಾಯಿಸಿದೆ. ಹಾಲು ಮುಗಿದಿತ್ತು. ತರಲೆಂದು ಹೊರಡುವಾಗ ಬಾಗಿಲು ಬಡಿದ ಸದ್ದು.

ಡೊರೀನ್. ಮನೆಯ ಚಪ್ಪಲಿ, ಮೇಲೆ ಒಳ್ಳೆಯ ಕೋಟು. ಮಾರ್ಚಿನ ನಂತರ ನನ್ನ ಹೊಸ್ತಿಲಿಗೆ ಬಂದದ್ದು ಇದೇ ಮೊದಲು. ಪಾಸಾದೆ ಎಂದು ಹೇಳಿದೆ. ಗೊತ್ತು, ಆ ಹುಡುಗಿ ಕಾರಿನಿಂದ ಕೂಗಿದ್ದು ಬೀದಿಗೆಲ್ಲ ಕೇಳಿಸಿತು ಎಂದಳು. ಒಳಗೆ ಬನ್ನಿ ಎಂದೆ. ಬರಲಿಲ್ಲ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಕ್ಯಾಮೆರಾ ಬಿಟ್ಟು ನೋಡಿ, ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಿದ್ದರಂತೆ. ನಾಳೆ ಹನ್ನೊಂದು ಗಂಟೆಗೆ ಆಸ್ಪತ್ರೆಗೆ ಕರೆದಿದ್ದಾರೆ, ಅದರ ಫಲಿತಾಂಶ ಹೇಳಲು. ಜೊತೆಗೆ ಯಾರನ್ನಾದರೂ ಕರೆತನ್ನಿ ಎಂದೂ ಹೇಳಿದ್ದಾರೆ. ಅದರ ಅರ್ಥ ಏನೆಂದು ಆಕೆ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬ್ರಯಾನ್ ಬರುತ್ತಾನಲ್ಲ ಎಂದೆ.

"ಬರ್ತೀನಿ ಅಂದ. ಬೇಡ ಅಂದೆ. ಅವನು ಹೋಗ್ತಾ ಬರ್ತಾ ಏನೂ ಆಗಲ್ಲ ಏನೂ ಆಗಲ್ಲ ಅಂತಾನೇ ಇರ್ತಾನೆ. ಆ ರೂಮಿನೊಳಗೆ ಕೂತ್ರೆ ಡಾಕ್ಟರ್ ಹೇಳಿದ್ದು ಒಂದೂ ನನ್ನ ಕಿವಿಗೆ ಹೋಗಲ್ಲ, ಅದು ನಂಗೆ ಗೊತ್ತು. ನೀನು ಬಾ ಮರಿ. ನೀನು ಕೇಳಿಸ್ಕೊ. ಮನೆಗೆ ಬಂದು ಚಹಾ ಕುಡಿದ ಮೇಲೆ, ಅವರು ಹೇಳಿದ್ದಷ್ಟನ್ನೇ ನಂಗೆ ಹೇಳು."